ಜಾನುಪರ್ಯಂತ

ಕೆಸರಿನೊಳಗಿಂದ ಅವನು ಕೂಗಿದ ಮೊದಲ ವಾಕ್ಯ ಇಂದಿಗೂ ಅಕ್ಷರ ತಪ್ಪದೆ ನನ್ನ ಕಿವಿಯಲ್ಲಿದೆ.

“ಎಲೈ ಮಿತ್ರದ್ವಯರೇ, ಅಸ್ಮದೀಯ ಚರಣಯುಗಲವು ಪಂಕದಿಂದ ಬಂಧಿತವಾಗಿದೆ!”

ಕೇಳಿ ನಾವಿಬ್ಬರೂ ನಕ್ಕೆವು. ಸೂರತ್ತಿನ ಹತ್ತಿರ ಡುಮಸ್ ಎಂಬಲ್ಲಿ, ಸಮುದ್ರದ ದಂಡೆಯ ಕಪ್ಪು ಮರಳಿನ ಮೇಲೆ ಜಮಖಾನ ಹಾಸಿಕೊಂಡು ಕೂತಿದ್ದೆವು. ಚಳಿಗಾಲದ ಬೆಳಗು, ಬಿಸಿಲು ಹಿತವಾಗಿತ್ತು. ಅವನು ದೂರದಲ್ಲಿ, ಬೂದುಬಣ್ಣದ ಬಯಲಿನ ನಡುವೆ, ಹಿತ್ತಾಳೆಯ ಚೊಂಬು ಹಿಡಿದು ನಿಂತಿದ್ದ. ಚೊಂಬು ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ನೋಡಿದವರು ಯಾರೂ ಅದನ್ನು ಅಪಾಯ ಎನ್ನುತ್ತಿರಲಿಲ್ಲ.

ಈ ಭಾಷೆ ಎಲ್ಲಿಂದ ಬಂತೆಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಅರವತ್ತರ ದಶಕದ ಮೊದಮೊದಲ ವರ್ಷಗಳಲ್ಲಿ ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ, ವಿಮಾ ಕಚೇರಿಯ ಕೆಲಸದ ಮೇಲೆ ಅಹಮದಾಬಾದಿಗೆ ಬಂದೆ. ಹಳೆಯ ಪೇಟೆಯ ಒಂದು ಪೋಳದಲ್ಲಿ, ಅಂದರೆ ಮರದ ಕೆತ್ತನೆಯ ಮನೆಗಳು ಎದುರುಬದುರು ಒತ್ತೊತ್ತಾಗಿ ನಿಂತ ಓಣಿಯಲ್ಲಿ, ಮಹಡಿಯ ಮೇಲೊಂದು ಕೋಣೆ. ಜೊತೆಗಾರ ಧಾರವಾಡದವನು, ರೈಲ್ವೆ ಆಫೀಸಿನ ಗುಮಾಸ್ತ, ಅವನೂ ಪದವೀಧರ. ತಿಂಡಿ ಊಟಕ್ಕೆ ಸ್ಟೇಷನ್ ಬಳಿಯ ಉಡುಪಿ ಹೋಟೆಲು. ಅಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದವನು ಕುಂದಾಪುರದ ಕಡೆಯವನು, ನಮ್ಮದೇ ವಯಸ್ಸು.

ಕನ್ನಡದ ಮುಖ ಕಂಡರೆ ಸಾಕು ಎಂದು ಹಂಬಲಿಸುತ್ತಿದ್ದವರು ನಾವು. ಆದರೆ ಮುಖ ಸಿಕ್ಕಮೇಲೆ ಮಾತಿಗೆ ಜಗಳ. ನಾನು “ಬಾರೋ, ಕಾಫಿ ಕುಡಿಯೋಣ ಕಣೋ” ಎಂದರೆ ಧಾರವಾಡದವನು, “ನಿಮ್ಮ ಮೈಸೂರು ಕನ್ನಡ ಅಂದ್ರ ಹಲ್ಲಿಲ್ಲದ ಮುದುಕಿ ಬಾಯಾಡಿಸಿದ್ಹಂಗ ಅದ ನೋಡಪಾ” ಎನ್ನುತ್ತಿದ್ದ. ಅವನು “ಚಾ ತರ್ರಿ” ಎಂದು ಗುಡುಗಿದರೆ ಕುಂದಾಪುರದವನು, “ಹೋಯ್, ಚಾ ಕೇಂತ್ರ್ಯಾ, ಜಗಳಕ್ಕೆ ಕರೀತ್ರ್ಯಾ?” ಎನ್ನುತ್ತಿದ್ದ. ಅವನ ಮಾತು ವೇಗವಾದಾಗ ನಮ್ಮಿಬ್ಬರಿಗೂ ಅರ್ಧ ತಿಳಿಯುತ್ತಿರಲಿಲ್ಲ.

ಒಂದು ಸಂಜೆ ಧಾರವಾಡದವನು ಸಿಟ್ಟಿನಿಂದ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು ಸಾರಿದ: “ಎಲೈ ಭೋಜನಾಲಯಾಧಿಪತಿಯೇ! ಉಷ್ಣೋಷ್ಣವಾದ ಪರ್ಣಕಷಾಯವೊಂದು ಅಸ್ಮತ್ ಕರಕಮಲವನ್ನು ಸೇರತಕ್ಕದ್ದು!”

ಕುಂದಾಪುರದವನು ಹುಬ್ಬು ಕೂಡ ಅಲುಗಿಸದೆ ಕೇಳಿದ: “ಕ್ಷೀರಸಹಿತವೋ, ಕ್ಷೀರರಹಿತವೋ?”

ಅಂದಿನಿಂದ ಮೂವರ ಕನ್ನಡವನ್ನೂ ಬದಿಗಿಟ್ಟು ನಾಲ್ಕನೆಯದೊಂದನ್ನು ಕಟ್ಟಿದೆವು. ಅದು ಯಾರ ಊರಿನದೂ ಅಲ್ಲ, ಹಾಗಾಗಿ ಯಾರೂ ಯಾರನ್ನೂ ಆಡಿಕೊಳ್ಳುವಂತಿರಲಿಲ್ಲ. ಇಡ್ಲಿ ಧವಳವರ್ತುಲವಾಯಿತು. ಉದ್ದಿನ ವಡೆ ಮಧ್ಯರಂಧ್ರಮಾಷಪಿಷ್ಟ. ಕೊಡೆ ಆತಪತ್ರ, ರೈಲು ಧೂಮಶಕಟ, ನನ್ನ ಕಚೇರಿಯ ಮೇಲಧಿಕಾರಿ ಲಂಬೋದರಕಂಟಕ. ನಾವಿಬ್ಬರೂ ಕಾಲೇಜಿನ ಪಂಡಿತರಿಂದ ಕಲಿತ ಪದಗಳನ್ನು ಹೆಕ್ಕಿ ತರುತ್ತಿದ್ದೆವು. ಕುಂದಾಪುರದವನಿಗೆ ಅವು ತಾಳಮದ್ದಲೆ ಕೇಳಿ ಬೆಳೆದ ಕಿವಿಯಿಂದ ತಾವಾಗಿಯೇ ಬರುತ್ತಿದ್ದವು. ವೇಷವಿಲ್ಲ, ಕುಣಿತವಿಲ್ಲ, ಬರೀ ಭಾಗವತರು ಹಾಡುವ ಪದ ಮತ್ತು ಅರ್ಥಧಾರಿಗಳ ಮಾತಿನಲ್ಲಿ ಕಥೆ ನಡೆಸುವ ಆಟ ಅದು. ಅದರಲ್ಲಿ ರಾಕ್ಷಸನೂ ಸಮಾಸದಲ್ಲೇ ಸಿಡುಕುತ್ತಾನೆ.

ನಿಯಮ ಒಂದೇ. ಸಭೆ ಶುರುವಾಗಿದೆ ಎಂದಮೇಲೆ ಸಾದಾ ಮಾತು ಬಾಯಿಂದ ಬರಬಾರದು. ಮೊದಲು ತಪ್ಪಿದವನು ಎಲ್ಲರ ತಟ್ಟೆ ಪಾತ್ರೆ ತೊಳೆಯಬೇಕು.

ಆಮೇಲೆ ಧಾರವಾಡದವನಿಗೆ ಬರೋಡಾಕ್ಕೆ ವರ್ಗವಾಯಿತು. ಕುಂದಾಪುರದವನು ತನ್ನ ಮಾವ ಸೂರತ್ತಿನಲ್ಲಿ ತೆರೆದ ಹೋಟೆಲನ್ನು ನೋಡಿಕೊಳ್ಳಲು ಹೋದ. ನಾನು ಅಹಮದಾಬಾದಿನಲ್ಲೇ ಉಳಿದೆ. ತಿಂಗಳಿಗೊಮ್ಮೆ ಶನಿವಾರ ಮಧ್ಯಾಹ್ನ ನಾನು ಪ್ಯಾಸೆಂಜರ್ ರೈಲು ಹತ್ತುವುದು, ಬರೋಡಾದಲ್ಲಿ ಧಾರವಾಡದವನು ಅದೇ ಡಬ್ಬಿಗೆ ಹತ್ತುವುದು, ಇಬ್ಬರೂ ಸೂರತ್ತಿಗೆ ಹೋಗಿ ಭಾನುವಾರ ಸಂಜೆ ಹಿಂತಿರುಗುವುದು. ಅವನು ಹತ್ತುತ್ತಿದ್ದಂತೆಯೇ ಸಭೆ ಶುರು. ಒಮ್ಮೆ ನಾವು ಕಿಟಕಿಯ ಸೀಟಿಗಾಗಿ ಇದೇ ಭಾಷೆಯಲ್ಲಿ ವಾದ ಮಾಡುತ್ತಿದ್ದಾಗ ಎದುರಿಗೆ ಕೂತಿದ್ದ ವೃದ್ಧರು ಟೋಪಿ ತೆಗೆದು ಕೈಮುಗಿದರು. “ಮಹಾರಾಜ್, ಶೇನೋ ಪಾಠ ಛೆ?” ಇದು ಯಾವ ಸ್ತೋತ್ರದ ಪಾರಾಯಣ ಎಂದು ಅವರ ಪ್ರಶ್ನೆ. ಧಾರವಾಡದವನು ಕಣ್ಣು ಮುಚ್ಚಿ ಗಂಭೀರವಾಗಿ ತಲೆಯಾಡಿಸಿದ. ಅವರು ಗಂಟು ಬಿಚ್ಚಿ ನಮಗೆ ಮೆಂತ್ಯದ ರೊಟ್ಟಿ ಕೊಟ್ಟರು. ನಾವು ತಿಂದೆವು.

ಕುಂದಾಪುರದವನಿಗೆ ಮದುವೆಯಾಗಿ ಹೆಂಡತಿ ಸೂರತ್ತಿಗೆ ಬಂದಮೇಲೆ ಆಟ ನಿಲ್ಲಬಹುದೆಂದುಕೊಂಡಿದ್ದೆವು. ಅವನೇ ನಿಲ್ಲಿಸಲು ಬಿಡಲಿಲ್ಲ. “ಅವಳಿಗೆ ಇದೆಲ್ಲ ಎಂತ ತಿಳಿತ್ತ್ ಮಾರಾಯ್ರೆ, ನೀವ್ ನಡೆಸಿ” ಎಂದ. ಆಕೆ ನನಗೆ ಅತ್ತಿಗೆ, ಧಾರವಾಡದವನಿಗೆ ವೈನಿ. ಕುಂದಾಪುರದಿಂದಾಚೆ ಸಮುದ್ರಕ್ಕೆ ತಾಗಿದ ಹಳ್ಳಿಯವರು. ನಾವು ಬಂದಾಗ ಬಡಿಸುತ್ತಿದ್ದರು, ಬೇಕು ಬೇಡ ಕೇಳುತ್ತಿದ್ದರು, ನಮ್ಮ ಸಭೆ ಶುರುವಾದರೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದರು. ನಗುತ್ತಿರಲಿಲ್ಲ. ಅರ್ಥವಾಗದ ಕಾರಣ ನಗುವುದಿಲ್ಲ ಎಂದೇ ನಾವು ತಿಳಿದಿದ್ದೆವು.

ಆ ಶನಿವಾರ ಸಂಜೆ ಊಟದ ನಡುವೆ ಅವನು ಎದ್ದು ನಿಂತು ಘೋಷಿಸಿದ: “ಅಸ್ಮತ್ ಕುಟುಂಬಿನಿಯು ಅಂತರ್ವತ್ನಿಯಾಗಿದ್ದಾಳೆಂಬ ಶುಭವಾರ್ತೆಯನ್ನು ಸಭಾಸದರಲ್ಲಿ ನಿವೇದಿಸುತ್ತೇನೆ.” ಆ ಪದ ನನಗೆ ಹೊಳೆಯಲು ಒಂದು ಕ್ಷಣ ಬೇಕಾಯಿತು. ಬಸುರಿ. ಅದಕ್ಕೆ ಮೊದಲೇ ಆಕೆ ಸಾರಿನ ಪಾತ್ರೆ ಹಿಡಿದು ಥಟ್ಟನೆ ಒಳಗೆ ಹೋಗಿದ್ದರು. ಇದನ್ನು ನಾನು ಆಮೇಲೆ ಎಷ್ಟು ಸಲ ನೆನೆಸಿಕೊಂಡಿದ್ದೇನೋ.

ಮರುದಿನ ಎಳ್ಳಮವಾಸ್ಯೆ. ಅವರ ಕಡೆ ಅಂದು ಸಮುದ್ರಸ್ನಾನ ಮಾಡುವ ಪದ್ಧತಿ. ಬಸುರಿ ನೀರಿಗೆ ಇಳಿಯಬಾರದು, ಬಸುರಿಯ ಗಂಡನೂ ಮುಳುಗುಹಾಕಬಾರದು ಎಂದು ಊರಿನಿಂದ ಹೇಳಿಕಳಿಸಿದ್ದರಂತೆ; ಒಂದು ಚೊಂಬು ಸಮುದ್ರದ ನೀರು ತಂದು ತಲೆಗೆ ಚಿಮುಕಿಸಿಕೊಂಡರೆ ಸಾಕು. ಆಕೆ ಮದುವೆಯಾಗಿ ಬಂದಾಗಿನಿಂದ ಸಮುದ್ರ ನೋಡಿರಲಿಲ್ಲ. ಸೂರತ್ತಿನ ಗಲ್ಲಿಯಲ್ಲಿ ಹಗಲೆಲ್ಲ ಮಗ್ಗದ ಸದ್ದು. ಬೆಳಿಗ್ಗೆ ಎದ್ದಕೂಡಲೆ ಅದನ್ನು ಅಲೆಯ ಸದ್ದು ಎಂದುಕೊಳ್ಳುತ್ತಾಳೆ ಎಂದು ಅವನೇ ನಮಗೆ ಹೇಳಿದ್ದ, ಸಾದಾ ಮಾತಿನಲ್ಲಿ.

ಬೆಳಿಗ್ಗೆ ಬಸ್ಸು ಹಿಡಿದು ನಾಲ್ವರೂ ಡುಮಸ್ಸಿಗೆ ಹೋದೆವು. ಇಡ್ಲಿ ತುಂಬಿದ ದೊಡ್ಡ ಪಾತ್ರೆ, ಜಮಖಾನ, ಚೊಂಬು. ಮರಳಿನ ದಿಬ್ಬ ಹತ್ತಿ ನಿಂತರೆ ಸಮುದ್ರವೇ ಇಲ್ಲ. ಕಣ್ಣು ಹೋಗುವಷ್ಟು ದೂರ ಬೂದುಬಣ್ಣದ ಬಯಲು, ಅದರಾಚೆ ಎಲ್ಲೋ ದಾರದಂತೆ ಒಂದು ಹೊಳಪು.

“ಇದೆಂತ ಸಮುದ್ರ? ನೀರೇ ಇಲ್ಲೆ!” ಎಂದರು ಅತ್ತಿಗೆ.

ಅವನಿಗೆ ಅವಮಾನವಾದಂತಾಯಿತು. ಸಮುದ್ರದವನು ಹೆಂಡತಿಗೆ ಸಮುದ್ರ ತೋರಿಸಲು ಕರೆತಂದು ಕೆಸರು ತೋರಿಸಿದ್ದ. “ಇಳಿತ ಆಯ್ತ್, ಅಷ್ಟೇ. ಈಗ ತತ್ತೆ ಕಾಣ್” ಎಂದು ಚೊಂಬು ತೆಗೆದುಕೊಂಡ. ದಂಡೆಯಲ್ಲಿ ಭಜಿಯಾ ಕರಿಯುತ್ತಿದ್ದ ಮುದುಕ ಜಾಲರಿ ಸೌಟು ಎತ್ತಿ ಏನೋ ಕೂಗಿದ. “ಭರತಿ” ಎಂಬ ಪದ ಕೇಳಿಸಿತು. ನಮ್ಮ ಕರಾವಳಿಯಲ್ಲಿ ಭರತ ಎಂದರೆ ಏನೋ ಇಲ್ಲಿ ಭರತಿ ಎಂದರೂ ಅದೇ, ನೀರು ಏರುವುದು. ಕುಂದಾಪುರದವನು ಕೈಬೀಸಿ ನಕ್ಕ. “ಭರತ ಅಂದ್ರೆ ನಂಗೆ ಗೊತ್ತಿಲ್ಯಾ? ಹುಟ್ಟಿದ್ದೇ ಅದ್ರ ಮೇಲೆ.”

ಅವನಿಗೆ ಗೊತ್ತಿದ್ದ ಸಮುದ್ರ ಬೇರೆ. ಅಲ್ಲಿ ನೀರು ಏರಿದರೂ ಇಳಿದರೂ ಒಂದಾಳುದ್ದದ ವ್ಯತ್ಯಾಸವಿಲ್ಲ. ಒದ್ದೆ ಮರಳೆಂದರೆ ಗಟ್ಟಿ ಮರಳು, ಅದರ ಮೇಲೆ ಎತ್ತಿನಗಾಡಿ ಹೋಗುತ್ತದೆ. ಇಲ್ಲಿ ನೀರು ಹರದಾರಿ ಹಿಂದೆ ಸರಿದು, ಹಿಂತಿರುಗುವಾಗ ಕುದುರೆಯಂತೆ ಬರುತ್ತದೆ. ನಡುವಿನ ನೆಲ ಕೆಲವೆಡೆ ನೆಲವೇ ಅಲ್ಲ. ಇದು ನಮಗೂ ಗೊತ್ತಿರಲಿಲ್ಲ. ನಾನು ಮೈಸೂರಿನವನು, ಇನ್ನೊಬ್ಬ ಧಾರವಾಡದವನು. ಸಮುದ್ರದ ವಿಷಯದಲ್ಲಿ ಅವನ ಮಾತೇ ನಮಗೆ ಕೊನೆಯ ಮಾತು.

ಹೊರಡುವಾಗ ಅವನೇ ಸಭೆ ಶುರುಮಾಡಿದ. “ರತ್ನಾಕರನಿಂದ ಜಲಭಿಕ್ಷೆಯನ್ನು ಯಾಚಿಸಿ ಪುನರಾಗಮಿಸುತ್ತೇನೆ!”

“ವಿಜಯೀಭವ!” ಎಂದ ಧಾರವಾಡದವನು.

ಅವನು ಹೋಗುವುದನ್ನು ನೋಡುತ್ತಾ ಕೂತೆವು. ತುಂಬ ದೂರ ಹೋದ. ಬಗ್ಗಿ ನೀರು ತುಂಬಿಕೊಂಡದ್ದು ಕಾಣಿಸಿತು. ಹಿಂತಿರುಗುವಾಗ ಹೋದ ದಾರಿ ಬಿಟ್ಟು ನೇರವಾಗಿ ನಮ್ಮ ಕಡೆಗೆ ಅಡ್ಡ ಹಾಯ್ದ. ಅರ್ಧಕ್ಕಿಂತ ಹೆಚ್ಚು ಬಂದಿದ್ದ. ಆಗ ನಿಂತ, ಕೂಗಿದ.

ಚರಣಯುಗಲ, ಪಂಕ, ಬಂಧಿತ.

ಧಾರವಾಡದವನು ಎದ್ದು ನಿಂತು ಕೈ ಬಾಯಿಗೆ ಹಚ್ಚಿ ಉತ್ತರಿಸಿದ: “ಎಲೈ ಕಮಲವೇ! ಪಂಕದಲ್ಲಿ ಜನಿಸುವುದು ನಿನ್ನ ಕುಲಧರ್ಮವಲ್ಲವೇ? ಅರಳು, ಅರಳು!”

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಷ್ಟು ಒಳ್ಳೆಯ ಉತ್ತರ ಅವನು ಎಂದೂ ಕೊಟ್ಟಿರಲಿಲ್ಲ.

ಬಯಲಿನ ಮೇಲೆ ಧ್ವನಿ ಸ್ಪಷ್ಟವಾಗಿ ಬರುತ್ತಿತ್ತು. “ಪರಿಹಾಸ್ಯಕ್ಕಿದು ಸಮಯವಲ್ಲ! ಜಾನುಪರ್ಯಂತ ಮಗ್ನನಾಗಿದ್ದೇನೆ! ರಜ್ಜುವೊಂದನ್ನು ಶೀಘ್ರವಾಗಿ ತರತಕ್ಕದ್ದು! ಗೃಹಿಣಿಗೆ ಈ ವೃತ್ತಾಂತವು ಶ್ರುತವಾಗದಿರಲಿ!”

“ರಜ್ಜುವೇತಕ್ಕೆ? ನಿನ್ನ ಕೀರ್ತಿಲತೆಯನ್ನೇ ಹಿಡಿದು ಮೇಲೇರು!” ಎಂದು ನಾನು ಕೂಗಿದೆ.

ಅವನು ಮೈಯನ್ನು ಅತ್ತ ಇತ್ತ ತಿರುಚುತ್ತಿದ್ದ. ನಟನೆ ಚೆನ್ನಾಗಿದೆ ಎಂದು ನಾವು ಮಾತಾಡಿಕೊಂಡೆವು. ಆಮೇಲೆ ಮತ್ತೆ, ಇನ್ನೂ ಎತ್ತರದ ದನಿಯಲ್ಲಿ: “ಕಟಿಯನ್ನು ಸಮೀಪಿಸುತ್ತಿದೆ! ಸಾಗರನೂ ಸಮೀಪಿಸುತ್ತಿದ್ದಾನೆ!”

ಧಾರವಾಡದವನು ಮುಂದಿನ ಉತ್ತರಕ್ಕೆ ಬಾಯಿ ತೆರೆದಿದ್ದ. ಹಿಂದಿನಿಂದ ಅತ್ತಿಗೆಯ ದನಿ ಬಂತು. ಆಕೆ ಯಾವಾಗ ಎದ್ದು ನಿಂತಿದ್ದರೋ ತಿಳಿಯದು.

“ಆಗ ಜಾನು ಅಂದ್ರ್. ಈಗ ಕಟಿ ಅಂತ್ರ್. ಮೇಲೆ ಮೇಲೆ ಹತ್ತತಾ ಇತ್ತ್ ಕಾಣಿ.”

ನಾನು ತಿರುಗಿ ಆಕೆಯ ಮುಖ ನೋಡಿದೆ. ಆಕೆ ನನ್ನನ್ನು ನೋಡುತ್ತಿರಲಿಲ್ಲ.

“ಮೊಣಕಾಲ್ ಹೋಯಿ ಸೊಂಟಕ್ಕೆ ಬಂತ್. ಇವ್ರ್ ತಮಾಷಿ ಮಾಡ್ತಾ ಇಲ್ಲೆ. ಎಷ್ಟ್ ಗಿಡ್ಡ ಆಯಿರ್, ಕಾಣಿ!”

ಆಗ ನೋಡಿದೆ. ಅವನು ಗಿಡ್ಡವಾಗಿದ್ದ. ನಮ್ಮ ಮೂವರಲ್ಲಿ ಎತ್ತರದವನು, ಬಾಗಿಲಿಗೆ ತಲೆ ಬಗ್ಗಿಸಿ ಬರುವವನು, ಬಯಲಿನ ನಡುವೆ ಕುಳ್ಳನಂತೆ ಕಾಣುತ್ತಿದ್ದ. ಅವನ ಹಿಂದೆ, ದಾರದಂತಿದ್ದ ಹೊಳಪು ಈಗ ಅಗಲವಾದ ಪಟ್ಟಿಯಾಗಿತ್ತು. ಅಲೆ ಇಲ್ಲ, ಸದ್ದೂ ಇಲ್ಲ. ಯಾರೋ ತಟ್ಟೆಯನ್ನು ಓರೆ ಮಾಡಿದಂತೆ ನೀರು ಸುಮ್ಮನೆ ಹರಡಿಕೊಂಡು ಬರುತ್ತಿತ್ತು.

“ಅಯ್ಯೋ, ಮುಳುಗ್ತಿದ್ದಾನೆ ಕಣೋ!” ಎಂದು ನಾನು ಕಿರುಚಿದೆ. ನಿಯಮ ಮುರಿದವನು ನಾನೇ. ಯಾರೂ ಗಮನಿಸಲಿಲ್ಲ.

ಹಗ್ಗವಿರಲಿಲ್ಲ. ಧಾರವಾಡದವನು ನಿಂತಲ್ಲೇ ದೋತರ ಬಿಚ್ಚಿದ. ಭಾನುವಾರವೆಂದು ಉಟ್ಟ ಉದ್ದನೆಯ ಬಿಳಿ ದೋತರ. ಚಡ್ಡಿಯಲ್ಲೇ, ಅದನ್ನು ಹೆಗಲಿಗೆ ಎಸೆದುಕೊಂಡು ಓಡಿದ. ನಾನು ಜಮಖಾನ ಎಳೆದುಕೊಂಡೆ. ಇಡ್ಲಿಯ ಪಾತ್ರೆ ಉರುಳಿತು. ಭಜಿಯಾದ ಮುದುಕನ ಮುಂದಿದ್ದ ಉದ್ದ ಬೆಂಚನ್ನು ಕೇಳದೆ ಎತ್ತಿಕೊಂಡೆ. ಅವನು ಬೈಯುತ್ತಾ ಅಟ್ಟಿಬಂದ. ನಾನು ತಲೆಯಾಡಿಸಿ ತೋರಿಸಿದ ಕಡೆ ನೋಡಿ ಬೈಗುಳ ನಿಲ್ಲಿಸಿ, ಬೆಂಚಿನ ಇನ್ನೊಂದು ತುದಿಗೆ ಕೈಕೊಟ್ಟ. “ಭರತಿ ಆವೆ ಛೆ, ಭರತಿ ಆವೆ ಛೆ” ಎಂದು ಓಟದುದ್ದಕ್ಕೂ ಹೇಳುತ್ತಲೇ ಇದ್ದ.

ಹತ್ತಿರ ಹೋದಂತೆ ನೆಲದ ಬಣ್ಣ ಬದಲಾಯಿತು. ಅವನ ಸುತ್ತ ಎಣ್ಣೆ ಸವರಿದಂತೆ ನುಣ್ಣನೆಯ, ಕಪ್ಪಗಿನ ಮಡು. ಧಾರವಾಡದವನು ಒಂದು ಹೆಜ್ಜೆ ಇಟ್ಟವನೇ ಮೊಣಕಾಲವರೆಗೆ ಹೋದ. ನಾನೂ ಮುದುಕನೂ ಅವನ ಅಂಗಿ ಹಿಡಿದು ಹಿಂದಕ್ಕೆಳೆದೆವು. ಬೆಂಚನ್ನು ಮಲಗಿಸಿದೆವು. ಅದರ ಮುಂದೆ ಜಮಖಾನ ಹಾಸಿದೆವು. ಧಾರವಾಡದವನು ಹೊಟ್ಟೆಯ ಮೇಲೆ ಮಲಗಿ ಅದರ ಮೇಲೆ ತೆವಳಿದ. ಅಷ್ಟಾದರೂ ಇನ್ನೂ ದೂರ. ದೋತರದ ತುದಿ ಎಸೆದ. ಅದು ಕೆಸರಿನಲ್ಲಿದ್ದವನ ಮುಂದೆ ಬಿತ್ತು, ಕೈಗೆ ಸಿಗಲಿಲ್ಲ.

ಕುಂದಾಪುರದವನ ಮುಖ ನಾನು ಮರೆತಿಲ್ಲ. ಅದರಲ್ಲಿ ರಕ್ತವೇ ಇರಲಿಲ್ಲ. ನಮ್ಮ ಹಿಂದೆ ನೋಡುತ್ತಿದ್ದ. ಗಟ್ಟಿ ಮರಳಿನ ಮೇಲೆ ಅತ್ತಿಗೆ ಓಡಿಬರುತ್ತಿದ್ದರು, ಒಂದು ಕೈ ಹೊಟ್ಟೆಯ ಮೇಲೆ. ಅವರನ್ನು ಕಂಡು ಅವನು ಹುಚ್ಚನಂತೆ ಒದ್ದಾಡತೊಡಗಿದ. ಒದ್ದಾಡಿದಷ್ಟೂ ಕೆಸರು ಒಳಗೆಳೆಯುತ್ತಿತ್ತು. ಆಗಲೂ, ಆಗಲೂ ಅದೇ ಭಾಷೆ:

“ಆಕೆಯನ್ನು ತಡೆಯಿರಿ! ತತ್ರೈವ ಸ್ಥಾಪಿಸಿರಿ! ಭಯದ ಲೇಶವೂ ಆಕೆಗೆ ತಿಳಿಯಕೂಡದು!”

ಅಷ್ಟು ಹೊತ್ತಿಗೆ ನೀರು ಅವನ ಹಿಂಬದಿಯಿಂದ ಬಂದು ಎರಡೂ ಪಕ್ಕಗಳಿಗೆ ಕವಲೊಡೆದಿತ್ತು. ಅವನು ಕಿರುಚುತ್ತಿದ್ದ, ಧಾರವಾಡದವನು “ಅಲುಗಾಡಬ್ಯಾಡೋ, ಸುಮ್ನಿರೋ” ಎಂದು ಅಳುತ್ತಿದ್ದ, ಮುದುಕ ತನ್ನ ಭಾಷೆಯಲ್ಲಿ ಅದನ್ನೇ ಹೇಳುತ್ತಿದ್ದ. ಅವನಿಗೆ ಯಾರ ಮಾತೂ ಕೇಳಿಸುತ್ತಿರಲಿಲ್ಲ.

ಅತ್ತಿಗೆ ಮಡುವಿನ ಅಂಚಿಗೆ ಬಂದು ನಿಂತರು. ಏದುಸಿರು ಬಿಡುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಭಾಗವತರ ಪದ ಮುಗಿದಮೇಲೆ ಅರ್ಥಧಾರಿ ಎತ್ತಿಕೊಳ್ಳುವ ಆ ನಿಧಾನದ ದನಿಯಲ್ಲಿ ಮಾತಾಡಿದರು.

“ಸ್ವಾಮೀ, ತಮ್ಮ ಆಜ್ಞೆಯು ಶ್ರುತವಾಯಿತು. ಇದೋ, ಇಲ್ಲಿಯೇ ನಿಂತಿದ್ದೇನೆ. ಇನ್ನೊಂದು ಹೆಜ್ಜೆಯನ್ನೂ ಮುಂದಿಡುವವಳಲ್ಲ. ತಾವಾದರೋ ವೃಥಾ ಅಂಗಚಲನೆಯನ್ನು ತ್ಯಜಿಸಿ ಸ್ಥಿರಚಿತ್ತರಾಗಬೇಕು. ಗರ್ಭಸ್ಥ ಶಿಶುವಿನ ಸಾಕ್ಷಿಯಾಗಿ ಇದು ದಾಸಿಯ ಪ್ರಾರ್ಥನೆ.”

ಅವನು ಒದ್ದಾಟ ನಿಲ್ಲಿಸಿದ. ಬಾಯಿ ತೆರೆದದ್ದು ತೆರೆದೇ ಇತ್ತು. ಬಹುಶಃ ಭಯಕ್ಕಿಂತ ದೊಡ್ಡದೊಂದು ಅವನನ್ನು ಹಿಡಿದು ನಿಲ್ಲಿಸಿತು.

“ಚೊಂಬಿನಿಂದ ಪಂಕವನ್ನು ತೋಡಬೇಕು” ಎಂದರು ಆಕೆ, ಅದೇ ದನಿಯಲ್ಲಿ. “ದೇಹವನ್ನು ಹಿಂದಕ್ಕೆ ವಾಲಿಸಬೇಕು. ಆಸನದಲ್ಲಿ ಒರಗಿದಂತೆ.”

ಅವನು ಒರಗಿದ. ಚೊಂಬಿನಿಂದ ತೊಡೆಯ ಸುತ್ತ ತೋಡತೊಡಗಿದ, ಮಗು ಮರಳು ತೋಡುವಂತೆ. ತೋಡಿದಲ್ಲಿಗೆ ನೀರು ನುಗ್ಗಿತು. ಯಾವ ನೀರಿಗೆ ಹೆದರಿದ್ದೆವೋ ಅದೇ ಕೆಸರನ್ನು ಸಡಿಲಿಸುತ್ತಿತ್ತು. ಆದರೆ ಅದು ಏರುತ್ತಲೂ ಇತ್ತು. ಎದೆಗೆ ಬಂತು. ಧಾರವಾಡದವನು ಮತ್ತೆ ದೋತರ ಎಸೆದ. ಈ ಸಲ ನೀರಿನ ಮೇಲೆ ತೇಲಿ ಅವನ ಕೈಗೆ ಹೋಯಿತು. ಕಂಕುಳಿಗೆ ಸುತ್ತಿಕೊಂಡ. ಮೂವರೂ ಎಳೆದೆವು. ಏನೂ ಆಗಲಿಲ್ಲ. ಮತ್ತೆ ಎಳೆದೆವು. ದೋತರದ ಅಂಚು ಹರಿಯುವ ಸದ್ದು ಕೇಳಿಸಿತು. ಆ ಸದ್ದು ಈಗಲೂ ನನಗೆ ಎಲ್ಲಿ ಬೇಕಾದರೂ ಕೇಳಿಸುತ್ತದೆ, ಬಟ್ಟೆಯಂಗಡಿಯಲ್ಲಿ ಹುಡುಗ ಬಟ್ಟೆ ಹರಿದು ಕೊಡುವಾಗ ಕೂಡ.

ಅತ್ತಿಗೆಯ ಮಾತು ನಿಂತಿರಲಿಲ್ಲ. ಏನು ಹೇಳುತ್ತಿದ್ದರೆಂದು ಎಲ್ಲವೂ ನೆನಪಿಲ್ಲ. ಸಾವಿತ್ರಿಯೋ ದಮಯಂತಿಯೋ, ಯಾವ ಪ್ರಸಂಗದ ಮಾತೋ, ಒಂದರಿಂದ ಇನ್ನೊಂದಕ್ಕೆ ಹೋಗುತ್ತಿದ್ದರು. ದನಿ ಒಮ್ಮೆಯೂ ನಡುಗಲಿಲ್ಲ. ಅವನು ಕಣ್ಣು ಕೀಳದೆ ಅವರನ್ನೇ ನೋಡುತ್ತಿದ್ದ.

ಒಂದು ಕಾಲು ಬಂತು. ಕೆಸರು ಬಾಯಿ ಚಪ್ಪರಿಸಿದಂತೆ ಸದ್ದುಮಾಡಿತು. ಆಮೇಲೆ ಇನ್ನೊಂದು. ಬೆಂಚಿನ ಮೇಲೆ ಅವನನ್ನು ಮೀನಿನಂತೆ ಎಳೆದುಹಾಕಿದೆವು. ಬೆಂಚು, ಜಮಖಾನ ಎರಡನ್ನೂ ಅಲ್ಲೇ ಬಿಟ್ಟು, ಅವನನ್ನು ಹೊತ್ತುಕೊಂಡು ಮೊಣಕಾಲುದ್ದದ ನೀರಿನಲ್ಲಿ ಓಡಿದೆವು. ದಿಬ್ಬ ಹತ್ತಿ ತಿರುಗಿ ನೋಡಿದಾಗ ಅವನು ನಿಂತಿದ್ದ ಜಾಗ ಯಾವುದೆಂದು ಹೇಳಲು ಆಗುತ್ತಿರಲಿಲ್ಲ. ಎಲ್ಲ ಕಡೆ ನೀರು.

ಅವನು ಮರಳಿನ ಮೇಲೆ ಬಿದ್ದಿದ್ದ. ಮುದುಕ ತನ್ನ ಕಂಬಳಿ ತಂದು ಹೊದಿಸಿ, ಒಲೆಯ ಹತ್ತಿರಕ್ಕೆ ಸರಿಸಿದ. ಬೆಂಚಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

“ಯಾಕೋ ಹಂಗ ಕೂಗಿದಿ?” ಎಂದು ಧಾರವಾಡದವನು ಚಡ್ಡಿಯಲ್ಲೇ ನಿಂತು ಗದರಿದ. ಕೆನ್ನೆಯ ಮೇಲಿನ ಕೆಸರಿನಲ್ಲಿ ಕಣ್ಣೀರಿನ ದಾರಿ ಬಿದ್ದಿತ್ತು. “ಕಾಲ ಸಿಕ್ಕೊಂಡಾವ, ಬರ್ರಿ ಅಂತ ಕೂಗಲಿಕ್ಕೆ ಏನಾಗಿತ್ತಲೇ ನಿನಗ? ತಟ್ಟಿ ತೊಳಿಯೂದು ಅಷ್ಟು ಕಷ್ಟಾತೇನು?”

ಕುಂದಾಪುರದವನ ಹಲ್ಲು ಕಟಕಟಿಸುತ್ತಿತ್ತು. “ಅದಕ್ಕಲ್ಲ ಮಾರಾಯ. ಅವಳಿಗೆ ಗೊತ್ತಾದ್ರೆ ಓಡಿ ಬಂದು ಇಳೀತಿದ್ದಳ್. ನಿಮ್ಗೆ ಮಾತ್ರ ತಿಳಿಲಿ ಅಂದೇಳಿ...”

ಅವನು ಅಲ್ಲಿಗೇ ನಿಲ್ಲಿಸಿದ. ಮೂರು ಜನ ಗಂಡಸರೂ ಏಕಕಾಲಕ್ಕೆ ಆಕೆಯ ಕಡೆ ನೋಡಿದೆವು.

“ಅಜ್ಜಯ್ಯನ ಮನೆ ಚಾವಡಿಯಲ್ಲಿ ವಾರ ವಾರ ತಾಳಮದ್ದಲೆ ಕೂಟ ಇರ್ತಿತ್ತ್” ಎಂದರು ಅತ್ತಿಗೆ. “ನಾನ್ ಒಳಗೆ ಅವಲಕ್ಕಿ ಕಲಸ್ತಾ ಕೇಂತಿದ್ದೆ. ನೀವ್ ಯಾರೂ ಕೇಳಿಲ್ಲೆ, ನಾನ್ ಹೇಳಿಲ್ಲೆ.” ಆಮೇಲೆ, “ಅಂತರ್ವತ್ನಿ ಅಂದ್ರೆ ಎಂತ ಅಂದೇಳಿ ಗೊತ್ತಿತ್ತ್ ನಂಗೆ” ಎಂದರು.

ಅಷ್ಟು ಹೇಳಿ ಅವರು ಗಂಡನ ಪಕ್ಕದಲ್ಲಿ ಕೂತರು. ಅವನು ಕಂಬಳಿಯ ಒಂದು ಪಾಲು ಅವರ ಮೇಲೂ ಹೊದಿಸಿದ. ಸಮುದ್ರ ಆಗ ನಾವು ಮೊದಲು ಕೂತಿದ್ದ ಜಾಗದವರೆಗೂ ಬಂದಿತ್ತು. ಉರುಳಿದ ಪಾತ್ರೆಯನ್ನು ಅಲ್ಲಾಡಿಸುತ್ತಿತ್ತು. ಇಡ್ಲಿಗಳು ಒಂದೊಂದಾಗಿ ತೇಲಿಹೋಗುತ್ತಿದ್ದವು. ಅತ್ತಿಗೆ ಅದನ್ನು ನೋಡಿದರು. ಬಗ್ಗಿ ನೀರು ಮುಟ್ಟಲಿಲ್ಲ. ಕಾಲನ್ನು ಒಳಗೆಳೆದುಕೊಂಡರು.

ಈಗ ಅಹಮದಾಬಾದಿನ ವಸ್ತ್ರಾಪುರದಲ್ಲಿ ಮಗನ ಮನೆಯಲ್ಲಿದ್ದೇನೆ. ಬೆಳಿಗ್ಗೆ ಕೆರೆಯ ಸುತ್ತ ನಡೆಯುತ್ತೇನೆ. ಬೇಸಿಗೆಯಲ್ಲಿ ನೀರು ಇಳಿದು ಅಂಚಿನಲ್ಲಿ ನುಣ್ಣನೆಯ ಕೆಸರು ಕಂಡರೆ ಇನ್ನೊಂದು ಬದಿಗೆ ಸರಿದು ನಡೆಯುತ್ತೇನೆ. ಆಗ ವಾಕ್ಯಗಳು ಸಾಲಾಗಿ ಬರುತ್ತವೆ. ಚರಣಯುಗಲ. ಜಾನುಪರ್ಯಂತ. ಕಟಿಯನ್ನು ಸಮೀಪಿಸುತ್ತಿದೆ. ನಡುನಡುವೆ ಕಮಲ, ಕೀರ್ತಿಲತೆ. ಪ್ರತಿ ಸಲವೂ ಎ‌ರಡನೆಯ ವಾಕ್ಯಕ್ಕೇ ಎದ್ದು ಓಡುತ್ತೇನೆ, ಮನಸ್ಸಿನಲ್ಲಿ. ಪ್ರತಿ ಸಲವೂ ಆಕೆ ನನಗಿಂತ ಮೊದಲೇ ಎದ್ದು ನಿಂತಿರುತ್ತಾರೆ.

ಡುಮಸ್ಸಿನ ಆ ಭಾನುವಾರದ ಮುಂದಿನ ತಿಂಗಳು, ಸೂರತ್ತಿಗೆ ಹೋಗುವುದೋ ಬೇಡವೋ ಎಂದು ನಾವಿಬ್ಬರೂ ಬರೋಡಾ ಪ್ಲಾಟ್‌ಫಾರ್ಮಿನಲ್ಲಿ ನಿಂತು ಯೋಚಿಸಿದೆವು. ಹೋದೆವು. ದಾರಿಯುದ್ದಕ್ಕೂ ಸಾದಾ ಮಾತು, ಅದೂ ಕಡಿಮೆ. ಅವನ ಮನೆಯಲ್ಲಿ ತಟ್ಟೆ ಹಾಕಿ ಕೂತೆವು. ಯಾರೂ ಸಭೆ ಶುರುಮಾಡಲಿಲ್ಲ. ಅತ್ತಿಗೆಯ ಹೊಟ್ಟೆ ಈಗ ಕಾಣುವಷ್ಟಾಗಿತ್ತು. ಇಡ್ಲಿಯ ಪಾತ್ರೆ ಹಿಡಿದು ಬಂದು, ಗಂಡನ ಮುಂದೆ ನಿಂತು, ತಲೆ ಎತ್ತದೆ ಕೇಳಿದರು:

“ಧವಳವರ್ತುಲವನ್ನು ಇನ್ನೂ ಒಂದು ಬಡಿಸಲೇ?”

ನಮ್ಮ ಕೈಗಳು ತಟ್ಟೆಯ ಮೇಲೆಯೇ ನಿಂತವು. ಕುಂದಾಪುರದವನು ಬಹಳ ಹೊತ್ತು ಹೆಂಡತಿಯ ಮುಖ ನೋಡಿದ. ಆಮೇಲೆ ಮೆಲ್ಲಗೆ, “ಸಾಕ್” ಎಂದ.

ಅದು ಸಾದಾ ಮಾತು. ಆಕೆ ಅಡುಗೆಮನೆಯ ಕಡೆ ಬೆರಳು ತೋರಿಸಿದರು. ಊಟವಾದಮೇಲೆ ಅವನು ಎಲ್ಲರ ತಟ್ಟೆಗಳನ್ನು ಒಂದರ ಮೇಲೊಂದಿಟ್ಟು ಎತ್ತಿಕೊಂಡು ಹೋದ. ಅತ್ತಿಗೆ ಮೊದಲ ಸಲ ನಮ್ಮೆದುರಿಗೆ ಚಾಪೆಯ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕೂತರು. ಒಳಗೆ ನಲ್ಲಿಯ ಕೆಳಗೆ ಅವನು ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಅದು ನಿಲ್ಲುವವರೆಗೂ ನಾವು ಮೂವರೂ ಅದನ್ನೇ ಕೇಳುತ್ತಾ ಇದ್ದೆವು.